ಸಾತನೂರಿನಿಂದ ಮಡಿವಾಳಕ್ಕೆ ಎಷ್ಟು ದೂರ?

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದಾಗ ಅದರ ಪರವಾಗಿ ಕೇಳಿಬಂದ ವಾದಗಳೆಲ್ಲ ರಾಜಧಾನಿಯ ಸಾಮೀಪ್ಯದ ಸುತ್ತಲೇ ಇದ್ದವು. ಬಂಡವಾಳ ಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ, ರಸ್ತೆ, ರೈಲು ಬರುತ್ತವೆ ಎಂಬ ಮಾತುಗಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಪಟ್ಟಣಗಳು ಬೆಂಗಳೂರಿನಿಂದ ಹೆಚ್ಚುಕಡಿಮೆ 50ರಿಂದ 60 ಕಿಲೋಮೀಟರ್ ಅಂತರದಲ್ಲಿವೆ. ಇಲ್ಲಿನ ಹಾಲು, ಮಾವು, ತರಕಾರಿ ಬೆಳಗಾಗುವುದರೊಳಗೆ ನಗರ ತಲುಪುತ್ತವೆ. ಆದರೆ ಕೊಲೆಯೊಂದು ನಡೆದ ಜಾಗದಿಂದ ಎತ್ತಿಕೊಂಡ ರಕ್ತಸಿಕ್ತ ಅಂಗಿ ಅದೇ ರಸ್ತೆಯಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವನ್ನು ತಲುಪಲು ತೆಗೆದುಕೊಳ್ಳುವ ಕಾಲವನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಅದನ್ನು ದಿನಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ ಅಳೆಯಬೇಕಾಗುತ್ತದೆ. ಅಪರಾಧ ತನಿಖೆಯ ಬಗ್ಗೆ ಮಾತನಾಡುವಾಗ ನಾವು ಗಮನಿಸಬೇಕಾದುದು ಈ ದೂರವನ್ನು.

ಕನಕಪುರ ತಾಲ್ಲೂಕಿನ ಸಾತನೂರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. 2023ರ ಮಾರ್ಚ್ 31ರ ರಾತ್ರಿ ಅಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನವೊಂದನ್ನು ಗೋರಕ್ಷಕರೆಂದು ಹೇಳಿಕೊಳ್ಳುವ ಗುಂಪು ತಡೆಯಿತು. ಮರುದಿನ ಬೆಳಿಗ್ಗೆ ಆ ವಾಹನದಲ್ಲಿದ್ದ ಮಂಡ್ಯದ ವ್ಯಾಪಾರಿಯೊಬ್ಬರ ಶವ ಹತ್ತಿರದಲ್ಲೇ ಸಿಕ್ಕಿತು. ಹೊಡೆದು ಕೊಂದರೆಂಬುದು ಕುಟುಂಬದ ಆರೋಪ, ಆರೋಪಿಗಳದು ನಿರಾಕರಣೆ. ಪೊಲೀಸರು ಕೊಲೆ ಪ್ರಕರಣ ದಾಖಲಿಸಿದರು. ಈ ಆರೋಪದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನಾವಿಲ್ಲಿ ನೋಡಬೇಕಾದುದು ಇಷ್ಟೆ: ರಾತ್ರಿಯ ಕತ್ತಲಲ್ಲಿ, ಪಕ್ಷಪಾತವಿಲ್ಲದ ಸಾಕ್ಷಿಗಳು ಸಿಗುವುದು ದುರ್ಲಭವಾದ ಇಂತಹ ಸಾವಿನಲ್ಲಿ, ರಾಜಕೀಯ ಎರಡೂ ಕಡೆ ನಿಂತು ಜಗ್ಗಾಡುವ ಪ್ರಕರಣದಲ್ಲಿ, ಸಾವು ಹೇಗಾಯಿತು ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಮರಣೋತ್ತರ ಪರೀಕ್ಷೆ ನಡೆಸುವ ವೈದ್ಯರು ಮತ್ತು ಪ್ರಯೋಗಾಲಯದ ತಜ್ಞರು ಮಾತ್ರ. ಅವರ ಮುಂದೆ ಬರುವ ಮಾದರಿಗಳು ಸರಿಯಾಗಿಲ್ಲದಿದ್ದರೆ ಆ ಉತ್ತರವನ್ನು ರಾಜಕೀಯ ವೇದಿಕೆಗಳೇ ಕೊಡತೊಡಗುತ್ತವೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ನಿನ ಮೂರನೆಯ ಉಪವಿಧಿ ಈ ದೃಷ್ಟಿಯಿಂದ ಮಹತ್ವದ್ದು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧದ ಮಾಹಿತಿ ಬಂದ ಕೂಡಲೇ ಠಾಣಾಧಿಕಾರಿಯು ವಿಧಿವಿಜ್ಞಾನ ತಜ್ಞರನ್ನು ಸ್ಥಳಕ್ಕೆ ಕರೆಸಿ ಸಾಕ್ಷ್ಯ ಸಂಗ್ರಹಿಸಬೇಕು, ಆ ಪ್ರಕ್ರಿಯೆಯನ್ನು ವಿಡಿಯೊ ಚಿತ್ರೀಕರಿಸಬೇಕು ಎನ್ನುತ್ತದೆ ಅದು. ಆದರೆ ಈ ಕಡ್ಡಾಯ ಯಾವ ದಿನದಿಂದ ಎಂಬುದನ್ನು ಐದು ವರ್ಷಗಳೊಳಗೆ ಅಧಿಸೂಚನೆ ಹೊರಡಿಸಿ ತಿಳಿಸುವ ಅಧಿಕಾರವನ್ನು ಆಯಾ ರಾಜ್ಯ ಸರ್ಕಾರಕ್ಕೇ ಬಿಡಲಾಗಿದೆ. ಸ್ವಂತ ಸೌಲಭ್ಯ ಇಲ್ಲದ ರಾಜ್ಯ ಬೇರೆ ರಾಜ್ಯದ ಪ್ರಯೋಗಾಲಯವನ್ನು ಬಳಸಿಕೊಳ್ಳಲೂಬಹುದು. ಕಾನೂನು ರೂಪಿಸಿದವರಿಗೆ ನೆಲದ ಸ್ಥಿತಿ ತಿಳಿಯದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕರ್ನಾಟಕದ ಮಟ್ಟಿಗೆ ಒಂದು ಸಮಾಧಾನದ ಸಂಗತಿ ಇದೆ. ಅಪರಾಧ ನಡೆದ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸುವುದಕ್ಕೆಂದೇ ಪ್ರತ್ಯೇಕ ಅಧಿಕಾರಿಗಳ ಹುದ್ದೆಗಳನ್ನು, ಇಲಾಖೆಯ ಆಡುಮಾತಿನಲ್ಲಿ 'ಸೊಕೊ'ಗಳನ್ನು, ಹೊಸ ಕಾನೂನಿಗೆ ಮೊದಲೇ ಸೃಷ್ಟಿಸಿದ ರಾಜ್ಯ ಇದು. ಇನ್ನೂರಕ್ಕೂ ಹೆಚ್ಚು ಇಂತಹ ಹುದ್ದೆಗಳು ಮಂಜೂರಾದವು. ಆದರೆ ಇದೇ ಸಲಹೆಯನ್ನು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ಅಧ್ಯಕ್ಷತೆಯ ಅಪರಾಧ ನ್ಯಾಯವ್ಯವಸ್ಥೆ ಸುಧಾರಣಾ ಸಮಿತಿ 2003ರಲ್ಲೇ ಕೊಟ್ಟಿತ್ತು. ಆ ವರದಿಯ ಬೇರೆ ಕೆಲವು ಶಿಫಾರಸುಗಳು, ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಗೆ ಮಾನ್ಯತೆ ಕೊಡಬೇಕೆಂಬಂತಹವು, ದೇಶದಾದ್ಯಂತ ಚರ್ಚೆಗೆ, ಟೀಕೆಗೆ ಒಳಗಾದವು. ಯಾರ ವಿರೋಧವೂ ಇಲ್ಲದಿದ್ದ ಈ ಶಿಫಾರಸು ಮಾತ್ರ ಸುಮಾರು ಎರಡು ದಶಕ ಕಪಾಟಿನಲ್ಲಿ ಮಲಗಿತು. ನಮ್ಮಲ್ಲಿ ವಿವಾದವಿಲ್ಲದ ಸುಧಾರಣೆಗಳಿಗೇ ಆಯುಷ್ಯ ಕಡಿಮೆ.

ಸ್ಥಳಕ್ಕೆ ಮೊದಲು ಹೋಗುವವರಿಗೆ ತರಬೇತಿ ಏಕೆ ಬೇಕೆಂಬುದು ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ರಕ್ತದ ಕಲೆಯಿರುವ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಅದರಲ್ಲಿನ ಡಿಎನ್‌ಎ ನಾಶವಾಗುತ್ತದೆ. ವಿಷಪ್ರಾಶನದ ಶಂಕೆಯಿದ್ದಾಗ ಜಠರ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಇಡುವುದು ವಾಡಿಕೆ. ಅದರ ಬದಲು ಫಾರ್ಮಲಿನ್ ಸುರಿದರೆ ಹಲವು ವಿಷಗಳ ಪತ್ತೆಯೇ ಕಷ್ಟ. ಕುಡಿದು ವಾಹನ ಓಡಿಸಿದ್ದ ಎಂಬ ಅನುಮಾನದಲ್ಲಿ ತೆಗೆದ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸದಿದ್ದರೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಮದ್ಯಸಾರದ ಪ್ರಮಾಣವೇ ಬದಲಾಗಿಬಿಡುತ್ತದೆ. ಲಕೋಟೆಗೆ ಅರಗಿನ ಮುದ್ರೆ ಒತ್ತಬೇಕು, ಮುದ್ರೆಯ ಮಾದರಿಯನ್ನು ಪ್ರತ್ಯೇಕವಾಗಿ ಕಳಿಸಬೇಕು, ಯಾರ ಕೈಯಿಂದ ಯಾರ ಕೈಗೆ ಯಾವ ಹೊತ್ತಿನಲ್ಲಿ ಹೋಯಿತೆಂದು ಬರೆದಿಡಬೇಕು. ಇವುಗಳಲ್ಲಿ ಯಾವುದೂ ಅತ್ಯಾಧುನಿಕ ತಂತ್ರಜ್ಞಾನವಲ್ಲ. ಎಲ್ಲವೂ ಶಿಸ್ತಿನ ವಿಷಯ.

ಈ ಶಿಸ್ತು ರೇಷ್ಮೆನಾಡಿನ ಜನರಿಗೆ ಅಪರಿಚಿತವೂ ಅಲ್ಲ. ಕೀಟನಾಶಕ ಸಿಂಪಡಿಸಿದ ಪಕ್ಕದ ಹೊಲದಿಂದ ಗಾಳಿಗೆ ತೇಲಿಬಂದ ಅಂಶ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಹುಳು ಸಾಯುತ್ತದೆಂಬುದು ಮಾಗಡಿ, ಕನಕಪುರದ ರೈತ ಮಹಿಳೆಗೆ ಗೊತ್ತು. ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಪೆಬ್ರಿನ್ ರೋಗಾಣುವಿಗಾಗಿ ಹುಡುಕುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲೂಯಿ ಪಾಶ್ಚರ್ ಹೇಳಿಕೊಟ್ಟ ಪದ್ಧತಿ ಅದು. ರೇಷ್ಮೆ ಹುಳುವಿನ ಆರೋಗ್ಯಕ್ಕೆ ಕೊಡುವಷ್ಟು ಪ್ರಯೋಗಾಲಯದ ಗಮನವನ್ನು ಮನುಷ್ಯನ ಸಾವಿಗೂ ಕೊಡಿ ಎಂದು ಈ ಜಿಲ್ಲೆಯವರು ಕೇಳಿದರೆ ಅತಿಯಾಯಿತೆನ್ನಲಾಗದು.

ನಿಜವಾದ ತೊಡಕು ಠಾಣೆಯ ಮುದ್ದೆಮಾಲು ಕೋಣೆಯಲ್ಲಿದೆ. ಅಲ್ಲಿ ಹವಾನಿಯಂತ್ರಣ ಇರುವುದಿಲ್ಲ, ಫ್ರಿಜ್ ಇದ್ದರೂ ವಿದ್ಯುತ್ತಿನ ಖಾತರಿ ಇರುವುದಿಲ್ಲ. ಮಾದರಿಗಳನ್ನು ಒಯ್ಯಬೇಕಾದ ಪೇದೆ ಬಂದೋಬಸ್ತಿಗೆ ಹೋಗಿರುತ್ತಾನೆ. ಹತ್ತು ಪ್ರಕರಣಗಳ ಲಕೋಟೆಗಳು ಒಟ್ಟಾದ ಮೇಲೆ ಒಂದೇ ಸಲ ಕಳಿಸಿದರಾಯಿತೆಂಬ ಉದಾಸೀನವೂ ಉಂಟು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಕಟ್ಟವೆಳ್ಳೈ ಪ್ರಕರಣದಲ್ಲಿ, ಕೆಳಹಂತದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ವ್ಯಕ್ತಿಯನ್ನು ಖುಲಾಸೆಗೊಳಿಸುವಾಗ, ಡಿಎನ್‌ಎ ಮಾದರಿಗಳ ನಿರ್ವಹಣೆಯಲ್ಲಿನ ಲೋಪಗಳನ್ನು ಬಿಡಿಸಿ ಹೇಳಿ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ನೀಡಿತು. ಸಂಗ್ರಹಿಸಿದ 48 ಗಂಟೆಗಳೊಳಗೆ ಮಾದರಿಯನ್ನು ಪ್ರಯೋಗಾಲಯಕ್ಕೆ ತಲುಪಿಸಬೇಕು, ತಡವಾದರೆ ಕಾರಣ ಬರೆದಿಡಬೇಕು, ಹಸ್ತಾಂತರದ ದಾಖಲೆಯನ್ನು ಕೊನೆಯವರೆಗೂ ಕಾಯ್ದುಕೊಳ್ಳಬೇಕು ಎಂಬುದು ಅದರ ತಿರುಳು. ಸಾತನೂರಿನಿಂದ ಮಡಿವಾಳಕ್ಕೆ ಎರಡು ತಾಸಿನ ಹಾದಿ. 48 ಗಂಟೆಗಳ ಈ ಗಡುವನ್ನು ಪಾಲಿಸಲಾಗದ್ದಕ್ಕೆ ಈ ಜಿಲ್ಲೆಯ ಠಾಣೆಗಳು ದೂರದ ನೆಪ ಹೇಳುವಂತಿಲ್ಲ.

ಲೋಪದ ಬೆಲೆ ಏನೆಂಬುದನ್ನು ತಿಳಿಯಲು ದಕ್ಷಿಣ ಕನ್ನಡದ ಕಡೆ ನೋಡಿದರೆ ಸಾಕು. 2012ರಲ್ಲಿ ಉಜಿರೆಯ ಕಾಲೇಜೊಂದರ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಸಿ ಕೊಂದ ಪ್ರಕರಣದಲ್ಲಿ ಸ್ಥಳೀಯ ಪೊಲೀಸರು, ಸಿಐಡಿ, ಸಿಬಿಐ ಮೂವರೂ ತನಿಖೆ ನಡೆಸಿದರು. 2023ರ ಜೂನ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆಗೊಳಿಸಿತು. ಆರಂಭದ ಅಮೂಲ್ಯ ಗಂಟೆಗಳಲ್ಲಿ ಸಾಕ್ಷ್ಯ ಸಂಗ್ರಹಿಸುವಲ್ಲಿ ಆದ ವೈಫಲ್ಯದತ್ತ ಬೊಟ್ಟು ಮಾಡಿತು. ಹನ್ನೊಂದು ವರ್ಷಗಳ ಬಳಿಕ ಒಂದು ಕುಟುಂಬದ ಕೈಯಲ್ಲಿ ಉಳಿದದ್ದು ಕೊಂದವರು ಯಾರೆಂದು ಗೊತ್ತಿಲ್ಲ ಎಂಬ ತೀರ್ಪು. ಹನ್ನೊಂದು ವರ್ಷ ಆರೋಪ ಹೊತ್ತವನ ಕೈಯಲ್ಲಿ ಏನು ಉಳಿಯಿತೆಂದು ಕೇಳಿದವರು ವಿರಳ. ಆ ಮೊದಲ ದಿನಗಳಲ್ಲಿ ಕಳೆದುದನ್ನು ಆಮೇಲೆ ಎಷ್ಟೇ ದೊಡ್ಡ ಸಂಸ್ಥೆ ಬಂದರೂ ಹುಡುಕಿ ತರಲಾಗದು.

ಬಿಡದಿಯ ಪ್ರಕರಣದ್ದು ಬೇರೆಯೇ ರೀತಿಯ ವಿಳಂಬ. 2010ರ ಮಾರ್ಚ್‌ನಲ್ಲಿ ಸ್ವಾಮಿ ನಿತ್ಯಾನಂದರಿಗೆ ಸಂಬಂಧಿಸಿದ್ದೆನ್ನಲಾದ ದೃಶ್ಯಗಳು ಟಿ.ವಿ.ಯಲ್ಲಿ ಪ್ರಸಾರವಾದ ಮೇಲೆ ಸಿಐಡಿ ತನಿಖೆ ನಡೆಯಿತು, ಬಂಧನ, ಜಾಮೀನು, ದೋಷಾರೋಪ ಪಟ್ಟಿ ಎಲ್ಲವೂ ಆದವು. ಅತ್ಯಾಚಾರದ ಆರೋಪ ಹೊತ್ತವರನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 2006ರಿಂದಲೇ ಸ್ಪಷ್ಟ ಅವಕಾಶ ಇತ್ತು. ಆದರೂ ರಾಮನಗರದ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ವ್ಯಾಜ್ಯ ಸಾಗಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದದ್ದು 2014ರ ಸೆಪ್ಟೆಂಬರ್‌ನಲ್ಲಿ. ಪ್ರಸಾರದ ದಿನದಿಂದ ಲೆಕ್ಕ ಹಾಕಿದರೆ ನಾಲ್ಕೂವರೆ ವರ್ಷ. ಆರೋಪಗಳನ್ನು ನಿತ್ಯಾನಂದ ಅಲ್ಲಗಳೆದಿದ್ದಾರೆ, ಅವು ಸಾಬೀತೂ ಆಗಿಲ್ಲ. 2019ರ ಹೊತ್ತಿಗೆ ಅವರು ದೇಶವನ್ನೇ ಬಿಟ್ಟಿದ್ದರು. ಇಲ್ಲಿ ಪ್ರಯೋಗಾಲಯದ ತಪ್ಪೇನೂ ಇಲ್ಲ. ವಿಜ್ಞಾನದ ಪರೀಕ್ಷೆಯನ್ನು ಕಾನೂನಿನ ಮೆಟ್ಟಿಲುಗಳಲ್ಲಿ ಇಷ್ಟು ಕಾಲ ಕೂರಿಸಿದರೆ, ಅದು ಹಿಂದಿನ ವರ್ಷಗಳ ಬಗ್ಗೆ ಆರೋಪಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹೇಳಬಹುದಾದುದು ತೀರಾ ಕಡಿಮೆಯಾಗುತ್ತದೆ ಎಂಬುದಷ್ಟೇ ವಾಸ್ತವ.

ಮಡಿವಾಳದ ಪ್ರಯೋಗಾಲಯದ ಹೆಸರು ದೇಶದಾದ್ಯಂತ ಕೇಳಿಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಯ ರಾಜಧಾನಿಯಾಗಿತ್ತು. ನಕಲಿ ಛಾಪಾಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯಿಂದ ಹಿಡಿದು 2008ರ ನೊಯ್ಡಾ ಜೋಡಿ ಕೊಲೆಯಲ್ಲಿ ಅನುಮಾನಕ್ಕೊಳಗಾದವರವರೆಗೆ ಎಲ್ಲಿಂದೆಲ್ಲಿಂದಲೋ ಜನರನ್ನು ಇಲ್ಲಿಗೆ ಕರೆತಂದು, ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿ ಮಾತನಾಡಿಸಲಾಯಿತು. ತೆಲಗಿಯ ತೊದಲು ಮಾತುಗಳನ್ನು ನಾವೆಲ್ಲ ಟಿ.ವಿ. ಮುಂದೆ ಕೂತು ಕೇಳಿದೆವು. ನೊಯ್ಡಾ ಪ್ರಕರಣದಲ್ಲಿ ಇಂದಿಗೂ ಯಾರ ಮೇಲೂ ಅಪರಾಧ ಅಂತಿಮವಾಗಿ ಸ್ಥಿರಪಟ್ಟಿಲ್ಲ. ಈ ಪರೀಕ್ಷೆಗಳನ್ನು ಪ್ರಶ್ನಿಸಿ ಬಂದ ಅರ್ಜಿಗಳ ಗುಚ್ಛಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಹೆಸರು ಕೊಟ್ಟಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಬಾಹಿರ ಎಂದು ಸಾರಿತು. ಒಪ್ಪಿಗೆ ಇದ್ದರೂ ಅಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ಆದರೂ ದೊಡ್ಡ ಅಪರಾಧವೊಂದು ನಡೆದಾಗಲೆಲ್ಲ 'ಮಂಪರು ಪರೀಕ್ಷೆ ಮಾಡಿಸಿ' ಎಂಬ ಕೂಗು ಏಳುತ್ತದೆ. ಬಾಯಿಬಿಡಿಸುವುದೇ ತನಿಖೆ ಎಂಬ ಹಳೆಯ ನಂಬಿಕೆ ಸೂಜಿಯ ರೂಪದಲ್ಲಿ ವೈಜ್ಞಾನಿಕವೆನಿಸಿಕೊಂಡು ಉಳಿದಿದೆ.

ಅದೇ ಪ್ರಯೋಗಾಲಯದ ನಿಜವಾದ ಸಾಮರ್ಥ್ಯ ಕಂಡದ್ದು ಸದ್ದಿಲ್ಲದ ಕೆಲಸದಲ್ಲಿ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಅಲ್ಲಿ ದೊರೆತ ಗುಂಡು ಮತ್ತು ಖಾಲಿ ತೋಟಾಗಳನ್ನು, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಲ್ಲಿ ದೊರೆತವುಗಳ ಜತೆ ಹೋಲಿಸಿದ ತಜ್ಞರು, ಎರಡೂ ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಹಾರಿದವು ಎಂಬ ನಿರ್ಣಯಕ್ಕೆ ಬಂದರು. ಪಿಸ್ತೂಲು ಕೈಗೆ ಸಿಗುವ ಮೊದಲೇ ಬಂದ ನಿರ್ಣಯ ಇದು. ಹೊಡೆಯುವ ಮೊಳೆ ತೋಟಾದ ಬುಡದ ಮೇಲೆ ಬಿಡುವ ಗುರುತು, ನಳಿಗೆ ಗುಂಡಿನ ಮೈಮೇಲೆ ಎಳೆಯುವ ಗೀರು, ಇವನ್ನು ಜೋಡಿ ಸೂಕ್ಷ್ಮದರ್ಶಕದಡಿ ಪಕ್ಕಪಕ್ಕದಲ್ಲಿಟ್ಟು ನೋಡುವ ತಾಳ್ಮೆಯ ಕೆಲಸ. ಎರಡು ವರ್ಷ, ನಾನೂರು ಕಿಲೋಮೀಟರ್ ಅಂತರದ ಎರಡು ಹತ್ಯೆಗಳ ಹಿಂದೆ ಒಂದೇ ಜಾಲ ಇದೆ ಎಂಬ ತನಿಖೆಯ ದಿಕ್ಕಿಗೆ ಆಧಾರ ಕೊಟ್ಟದ್ದು ಈ ಹೋಲಿಕೆ. ಧಾರವಾಡದ ಆ ತೋಟಾಗಳನ್ನು ಯಾರೋ ಸರಿಯಾಗಿ ಎತ್ತಿ, ಸರಿಯಾಗಿ ಮುದ್ರೆ ಒತ್ತಿ, ಎರಡು ವರ್ಷ ಸರಿಯಾಗಿ ಕಾದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬಂದಂತಿಲ್ಲ.

ಇನ್ನು ಸ್ವಾತಂತ್ರ್ಯದ ಪ್ರಶ್ನೆ. ನಮ್ಮ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಪೊಲೀಸ್ ಇಲಾಖೆಯ ಅಂಗ. ಮಾದರಿಗಳ ಜತೆ ತನಿಖಾಧಿಕಾರಿ ಕಳಿಸುವ ಪತ್ರದಲ್ಲಿ ಪ್ರಕರಣದ ಸಾರಾಂಶ ಇರುತ್ತದೆ. ಯಾರ ಮೇಲೆ ಸಂಶಯ, ಯಾವ ಉತ್ತರ ನಿರೀಕ್ಷಿತ ಎಂಬುದು ಪರೀಕ್ಷೆಗೆ ಮೊದಲೇ ತಜ್ಞರಿಗೆ ತಿಳಿದಿರುತ್ತದೆ. ಇದರ ಅಪಾಯವನ್ನು ಹೊರದೇಶಗಳು ದುಬಾರಿ ಬೆಲೆ ತೆತ್ತು ಕಲಿತಿವೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಬಳಿಕ ದೊರೆತ ಬೆರಳಚ್ಚೊಂದು ಅಮೆರಿಕದ ವಕೀಲರೊಬ್ಬರದೇ ಎಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ಅದು ಬೇರೆಯವರದೆಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟಾಗ ಎಫ್‌ಬಿಐ ಕ್ಷಮೆ ಕೇಳಬೇಕಾಯಿತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪ್ರಯೋಗಾಲಯಗಳನ್ನು ಪೊಲೀಸರ ಮತ್ತು ಅಭಿಯೋಜಕರ ಆಡಳಿತದಿಂದ ಬಿಡಿಸಬೇಕೆಂದು ಶಿಫಾರಸು ಮಾಡಿತು. ನಮ್ಮಲ್ಲಿ ಈ ಚರ್ಚೆಯೇ ಸರಿಯಾಗಿ ಆರಂಭವಾಗಿಲ್ಲ. ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಸಾಕ್ಷಿಕಟ್ಟೆಗೆ ಕರೆಯದೆಯೇ ಸಾಕ್ಷ್ಯವಾಗಿ ಓದಲು ನಮ್ಮ ಕಾನೂನು ಮೊದಲಿನಿಂದಲೂ ಅವಕಾಶ ಕೊಡುತ್ತದೆ. ವಕೀಲರ ಶುಲ್ಕ ಭರಿಸಲಾಗದ ಆರೋಪಿಯ ಪಾಲಿಗೆ ಆ ವರದಿಯೇ ಬಹುತೇಕ ಕೊನೆಯ ಮಾತು. ಹೀಗಿರುವಾಗ ವರದಿ ಬರೆಯುವವರು ಯಾರಿಗೆ ಉತ್ತರದಾಯಿ ಎಂಬುದು ಸಣ್ಣ ಪ್ರಶ್ನೆಯಲ್ಲ. ಗೃಹ ಇಲಾಖೆಯಡಿಯಲ್ಲೇ ಇರಲಿ, ಪೊಲೀಸ್ ಶ್ರೇಣಿಯಿಂದ ಹೊರಗಿರುವ, ವಿಜ್ಞಾನಿಗಳೇ ಮುಖ್ಯಸ್ಥರಾಗಿರುವ ನಿರ್ದೇಶನಾಲಯವನ್ನು ರಚಿಸುವುದು ಕಷ್ಟದ ಮಾತೇನೂ ಅಲ್ಲ.

ದಿನನಿತ್ಯದ ಪ್ರಕರಣಗಳ ರಾಶಿಯಡಿ ಸಂಶೋಧನೆ ಹೂತುಹೋಗಿರುವುದೂ ಇದಕ್ಕೆ ಹೊಂದಿಕೊಂಡ ಸಮಸ್ಯೆ. ಕೈದಿಯನ್ನು 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದೆ ಇಟ್ಟುಕೊಳ್ಳುವಂತಿಲ್ಲ; ಆದ್ದರಿಂದ ಎಲ್ಲ ಠಾಣೆಗಳೂ 'ತುರ್ತು' ಎಂದು ಬರೆದೇ ಕಳಿಸುತ್ತವೆ. ಎಲ್ಲವೂ ತುರ್ತಾದಾಗ ಯಾವುದೂ ತುರ್ತಲ್ಲ. ಪ್ರಶ್ನೆಯೊಂದರ ಬೆನ್ನು ಹತ್ತುವ ಬಿಡುವು ತಜ್ಞರಿಗೆ ಎಲ್ಲಿಂದ ಬರಬೇಕು? ಆ ಬಿಡುವಿನಿಂದ ಏನಾಗಬಹುದು ಎಂಬುದಕ್ಕೆ ಉದಾಹರಣೆ ರಾಮನಗರದ ಬಂಡೆಗಳ ಮೇಲೆಯೇ ಇದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಭಾರತ ಉಪಖಂಡದಲ್ಲಿ ರಣಹದ್ದುಗಳು ಗುಂಪುಗುಂಪಾಗಿ ಸಾಯುತ್ತಿದ್ದಾಗ ಸೋಂಕು, ಕೀಟನಾಶಕ ಎಂದು ಎಲ್ಲರೂ ಊಹಿಸಿದ್ದರು. ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹಕ್ಕಿಗಳ ಶವಪರೀಕ್ಷೆ ಮಾಡಿ, ಮೂತ್ರಪಿಂಡಗಳನ್ನು ವಿಶ್ಲೇಷಿಸಿದ ತಂಡ 2004ರಲ್ಲಿ ನಿಜವಾದ ಕಾರಣವನ್ನು ಪ್ರಕಟಿಸಿತು: ದನಗಳಿಗೆ ನೋವುನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್. ಭಾರತ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಶಂಕಿತರ ಪಟ್ಟಿಯನ್ನು ಬದಿಗಿಟ್ಟು ಸಾವಿನ ಕಾರಣವನ್ನು ಹುಡುಕಿದ್ದರಿಂದ ಸಿಕ್ಕ ಫಲ ಅದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಬಹುಕಾಲದಿಂದ ಇದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೂ ಅಲ್ಲಿಗೆ ಬಂದಿದೆ. ಅಲ್ಲಿನ ಸಂಶೋಧಕರಿಗೂ ಮಡಿವಾಳದ ಕೆಲಸಕ್ಕೂ ಗಟ್ಟಿ ಸೇತುವೆ ಕಟ್ಟುವುದು ಆಗಬೇಕಾದ ಕೆಲಸ.

ಅಪರಾಧದ ಸ್ವರೂಪವೂ ಬದಲಾಗುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಮಾಗಡಿ ತಾಲ್ಲೂಕಿನ ಕಂಚುಗಲ್ ಬಂಡೇಮಠದ ಸ್ವಾಮೀಜಿಯವರ ಸಾವಿನ ತನಿಖೆ ನಿಂತದ್ದು ಬರೆದಿಟ್ಟ ಪತ್ರ ಮತ್ತು ಮೊಬೈಲ್ ವಿಡಿಯೊಗಳ ಸುತ್ತ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯಿಂದ ಚನ್ನಪಟ್ಟಣದವರೆಗೆ ರಾತ್ರಿ ಡಿಕ್ಕಿ ಹೊಡೆದು ಪರಾರಿಯಾದ ವಾಹನವನ್ನು ಕ್ಯಾಮೆರಾದ ದೃಶ್ಯ, ಒಂದು ಚೂರು ಗಾಜು, ಒಂದು ಪದರ ಬಣ್ಣದಿಂದ ಗುರುತಿಸಬೇಕಾಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜತೆ ಅದರ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದ ಬೆರಳಚ್ಚನ್ನು, ನಮೂದಿಸಿದ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ತಜ್ಞರ ಸಹಿ ಬೇಕು. ಪ್ರತಿ ಕಳ್ಳತನ, ಪ್ರತಿ ಬೆದರಿಕೆ ಕರೆಯ ಪ್ರಕರಣದಲ್ಲೂ ಈ ಸಹಿ ಹಾಕುವವರು ಯಾರು? ಇರುವ ಕೆಲವೇ ತಜ್ಞರನ್ನು ಸಹಿಗೆ ಕೂರಿಸಿದರೆ ಪರೀಕ್ಷೆ ಮಾಡುವವರು ಉಳಿಯುವುದಿಲ್ಲ.

ಹೀಗಾಗಿ ಜಿಲ್ಲೆಗೊಂದು ಪ್ರಯೋಗಾಲಯ ಕಟ್ಟಡದ ಬೇಡಿಕೆಗಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಎಲ್ಲ ತಾಲ್ಲೂಕುಗಳಲ್ಲಿ ಹಗಲು ರಾತ್ರಿ ಲಭ್ಯವಿರುವ ತರಬೇತಾದ ಸ್ಥಳ ಪರಿಶೀಲನಾಧಿಕಾರಿ, ಮಾದರಿ ಕೆಡದಂತೆ ಇಡುವ ಶೀತಲ ಪೆಟ್ಟಿಗೆ, ದಿನಕ್ಕೊಂದು ಸಲ ಮಡಿವಾಳಕ್ಕೆ ಹೋಗಿಬರುವ ಒಂದು ವಾಹನ. ಜತೆಗೆ, ಪ್ರತಿ ಠಾಣೆಯಿಂದ ಹೋದ ಮಾದರಿ ಸಂಗ್ರಹವಾದ ದಿನ, ಪ್ರಯೋಗಾಲಯಕ್ಕೆ ತಲುಪಿದ ದಿನ, ವರದಿ ಹೊರಬಿದ್ದ ದಿನ, ಈ ಮೂರನ್ನು ಹೆಸರುಗಳಿಲ್ಲದೆ ಮೂರು ತಿಂಗಳಿಗೊಮ್ಮೆ ಗೃಹ ಇಲಾಖೆ ಪ್ರಕಟಿಸಲಿ. 176ನೇ ಸೆಕ್ಷನ್ನು ಕೊಟ್ಟಿರುವ ಐದು ವರ್ಷಗಳ ಅವಧಿ 2029ರ ಜೂನ್ ಅಂತ್ಯಕ್ಕೆ ಮುಗಿಯುತ್ತದೆ. ಅಧಿಸೂಚನೆ ಹೊರಡಿಸಲು ಸರ್ಕಾರ ಆ ಕೊನೆಯ ವಾರದವರೆಗೆ ಕಾಯುವ ಅಗತ್ಯವಿಲ್ಲ.